ಸಿಲಿಕಾನ್‌ನಲ್ಲಿ ಫಾಸ್ಫರಸ್: 107 ಎಲ್ಲಿಂದ ಬಂತು, 45 ಯಾಕೆ ಬರುವುದಿಲ್ಲ

ನಮಸ್ಕಾರ. ಸಿಲಿಕಾನ್‌ನಲ್ಲಿರುವ ಫಾಸ್ಫರಸ್‌ಗೆ ಡೋನರ್ ಅಯಾನೀಕರಣ ಶಕ್ತಿ (ಅದರ ಹೆಚ್ಚುವರಿ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ) ಲೆಕ್ಕ ಹಾಕಿದರೆ 107 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಬಂತು, ಪುಸ್ತಕದಲ್ಲಿ 45 ಇದೆ ಎಂದು ಕೇಳಿದ್ದೀರಿ. ನಿಮ್ಮ ಸೂತ್ರ, ಅಂದರೆ 13.6 × ಮಾಸ್ ÷ (ಪರ್ಮಿಟಿವಿಟಿ × ಪರ್ಮಿಟಿವಿಟಿ), ಸರಿಯಾಗಿದೆ. ಸಿಲಿಕಾನ್‌ನ ಪರ್ಮಿಟಿವಿಟಿ 11.7. ಎಡವಟ್ಟಾಗಿರುವುದು ನೀವು ಹಾಕಿರುವ 1.08 ಎಂಬ ಎಫೆಕ್ಟಿವ್ ಮಾಸ್‌ನಲ್ಲಿ (ಬಿಡಿ ಎಲೆಕ್ಟ್ರಾನಿಗೆ ಹೋಲಿಸಿ, ಹರಳಿನೊಳಗೆ ಎಲೆಕ್ಟ್ರಾನ್ ತೋರುವ ಮಾಸ್).

ಅದು ಡೆನ್ಸಿಟಿ ಆಫ್ ಸ್ಟೇಟ್ಸ್ ಮಾಸ್. ಆರೂ ಕಣಿವೆಗಳನ್ನು (ಸಿಲಿಕಾನ್‌ನ ವಾಹಕ ಪಟ್ಟಿಯಲ್ಲಿ ಎಲೆಕ್ಟ್ರಾನ್ ಶಕ್ತಿ ಅತಿ ಕಡಿಮೆ ಇರುವ ಆರು ಜಾಗಗಳು) ಸೇರಿಸಿ ಎಲೆಕ್ಟ್ರಾನ್‌ಗಳಿಗೆ ಎಷ್ಟು ಜಾಗವಿದೆ ಎಂದು ಎಣಿಸುವುದಕ್ಕೆ ಮಾತ್ರ ಬಳಸಬೇಕು. ಡೋನರ್ ಸುತ್ತ ತಿರುಗುವ ಎಲೆಕ್ಟ್ರಾನ್‌ಗೆ ಚಲನೆಯ ಮಾಸ್ ಬೇಕು. ಒಂದು ಕಣಿವೆಯಲ್ಲಿ ಉದ್ದಕ್ಕೆ 0.98, ಅಡ್ಡ ಎರಡು ದಿಕ್ಕಿಗೂ 0.19. ನೇರ ಸರಾಸರಿ ತೆಗೆಯಬೇಡಿ, ವಿಲೋಮಗಳನ್ನು ಕೂಡಿಸಿ:

3 ÷ (1/0.98 + 2/0.19) = 0.26

13.6 × 0.26 ÷ (11.7 × 11.7) = 0.0258

ಅಂದರೆ ಸುಮಾರು 26. ಈಗಲೂ 45 ಬರಲಿಲ್ಲ, ಬರುವುದೂ ಇಲ್ಲ! ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೇ ಇದು. ಸೂತ್ರದಲ್ಲಿ ಫಾಸ್ಫರಸ್ ಎಲ್ಲಿದೆ ನೋಡಿ: ಎಲ್ಲೂ ಇಲ್ಲ. ಆರ್ಸೆನಿಕ್ ಹಾಕಿದರೂ ಅದೇ 26. ಅಳತೆಯಲ್ಲಾದರೆ ಆರ್ಸೆನಿಕ್‌ಗೆ 54, ಆಂಟಿಮನಿಗೆ ಸುಮಾರು 40. ಕೆಳಮಟ್ಟದ ಸ್ಥಿತಿಯಲ್ಲಿ ಎಲೆಕ್ಟ್ರಾನ್ ಡೋನರ್ ಪರಮಾಣುವಿನ ನಡುಭಾಗಕ್ಕೂ ಹೊಕ್ಕುತ್ತದೆ. ಅಷ್ಟು ಹತ್ತಿರದಲ್ಲಿ ಸುತ್ತಲ ಸಿಲಿಕಾನ್ ಕೊಡುವ 11.7ರಷ್ಟು ಮರೆ ಸಿಗುವುದಿಲ್ಲ, ಹಾಗಾಗಿ ಹಿಡಿತ ಬಿಗಿ. ನಡುವಿಗೆ ಹೋಗದ, 2ಪಿ ಎಂಬ ಮೇಲಿನ ಸ್ಥಿತಿಗಳಲ್ಲಿ ಸಿದ್ಧಾಂತವೂ ಅಳತೆಯೂ ಚೆನ್ನಾಗಿ ಹೊಂದುತ್ತವೆ.

ಗ್ಯಾಲಿಯಂ ಆರ್ಸೆನೈಡ್‌ಗೂ ಒಮ್ಮೆ ಮಾಡಿ ನೋಡಿ. ಮಾಸ್ 0.067, ಪರ್ಮಿಟಿವಿಟಿ 12.9, ಉತ್ತರ 5.5. ಅಲ್ಲಿ ಡೋನರ್ ಆಗಿ ಹಾಕಿದ ಸಿಲಿಕಾನ್‌ಗೆ ಅಳತೆ 5.8. ಅಲ್ಲಿ ಕಕ್ಷೆಯ ತ್ರಿಜ್ಯವೇ ಸುಮಾರು 100 ಆಂಗ್‌ಸ್ಟ್ರಾಮ್, ನಡುಭಾಗದ ತಕರಾರು ಅಷ್ಟಾಗಿ ತಾಗುವುದಿಲ್ಲ. ಸಿಲಿಕಾನ್‌ನಲ್ಲಿ ಅದು 24 ಮಾತ್ರ.

ಆದ್ದರಿಂದ ಅಂದಾಜಿಗೆ ಸೂತ್ರ ಸಾಕು. ಫ್ರೀಜ್ ಔಟ್ (ತಣ್ಣಗಾದಾಗ ಎಲೆಕ್ಟ್ರಾನ್‌ಗಳು ಮತ್ತೆ ಡೋನರ್‌ಗೆ ಅಂಟಿಕೊಳ್ಳುವುದು) ಲೆಕ್ಕಕ್ಕೆ ಮಾತ್ರ ಅಳೆದ 45ನ್ನೇ ಹಾಕಿ, ಏಕೆಂದರೆ ಇದು ಘಾತದಲ್ಲಿ ಕೂರುವ ಸಂಖ್ಯೆ. 100 ಕೆಲ್ವಿನ್‌ಗಿಂತ ಕೆಳಗೆ 26 ಹಾಕಿದರೆ ಉತ್ತರ ಪೂರ್ತಿ ದಾರಿ ತಪ್ಪುತ್ತದೆ. ಕೋಣೆಯ ಉಷ್ಣತೆಯಲ್ಲಿ, ಘನ ಸೆಂಟಿಮೀಟರ್‌ಗೆ 10ರ 16ನೇ ಘಾತದಷ್ಟು ಡೋಪಿಂಗ್ ಇದ್ದರೆ, ಹೆಚ್ಚುಕಡಿಮೆ ಎಲ್ಲ ಡೋನರ್‌ಗಳೂ ಅಯಾನು ಎಂದೇ ಹಿಡಿಯಬಹುದು.

ಎಲೆಕ್ಟ್ರಾನ್ ಸಾಂದ್ರತೆ ಅಳೆಯುವ ಹಾಲ್ ಪ್ರಯೋಗದ ಗ್ರಾಫಿನಿಂದ (ಸಾಂದ್ರತೆಯ ಲಾಗ್, ಉಷ್ಣತೆಯ ವಿಲೋಮದೆದುರು) ಶಕ್ತಿ ತೆಗೆಯುವುದಾದರೆ ಇಳಿಜಾರನ್ನು ಜೋಪಾನವಾಗಿ ಓದಿ. ಡೋನರ್ ಮಾತ್ರ ಇರುವ ಮಾದರಿಯಲ್ಲಿ ಅದು ಶಕ್ತಿಯ ಅರ್ಧವನ್ನು ಕೊಡುತ್ತದೆ. ಅಕ್ಸೆಪ್ಟರ್‌ಗಳೂ (ಎಲೆಕ್ಟ್ರಾನ್ ಹಿಡಿದುಕೊಳ್ಳುವ ಬೆರಕೆಗಳು) ಬೆರೆತಿದ್ದು ತೀರಾ ತಣ್ಣಗಿದ್ದರೆ ಪೂರ್ತಿ ಶಕ್ತಿಯನ್ನು.