ನಿಮ್ಮ ಲೇಖನದಲ್ಲೂ ಟಿವಿಯ ದನಿಯೇ ಕೇಳಿಸುತ್ತಿದೆ

ನಮಸ್ಕಾರ.

ನೀವು ಸಾಗರದಿಂದ ಕಳಿಸಿದ ‘ಭಯ ಬಿತ್ತುವ ಪೆಟ್ಟಿಗೆ’ ಲೇಖನ ತಲುಪಿತು. ರೋಗದ ಸುದ್ದಿ ಬಂದಾಗಲೆಲ್ಲ ಟಿವಿ ಚಾನೆಲ್‌ಗಳು ಜನರನ್ನು ಹೇಗೆ ಹೆದರಿಸುತ್ತವೆ ಅನ್ನುವುದು ನಿಮ್ಮ ವಿಷಯ. ಓದಿದೆ, ಸ್ವಲ್ಪ ದಿನ ಬಿಟ್ಟು ಮತ್ತೆ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ಸ್ವೀಕರಿಸಿಲ್ಲ’ ಅಂತ ಒಂದು ಸಾಲು ಬರೆದು ಸುಮ್ಮನಾಗುವುದಕ್ಕೂ ಮನಸ್ಸು ಬರಲಿಲ್ಲ. ನಿಮಗೆ ಈ ವಿಷಯದಲ್ಲಿ ನಿಜವಾದ ಕಾಳಜಿ ಇದೆ. ಜೊತೆಗೆ, ಐದನೇ ಪುಟದಲ್ಲಿ ಚಿಕ್ಕಮ್ಮನ ಬಗ್ಗೆ ಬರೆದಿರುವ ಪ್ಯಾರಾ ಬಹಳ ಚೆನ್ನಾಗಿದೆ. ಹಾಗಾಗಿ ಉದ್ದವಾಗಿಯೇ ಬರೆಯುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ದನಿಯ ವಿಷಯ. ನಿಮ್ಮ ಮೊದಲ ಸಾಲೇ ‘ಹೆಣಗಳ ಮೇಲೆ ಹಬ್ಬ ಮಾಡುವ ರಣಹದ್ದುಗಳೇ ಇಂದಿನ ಮಾಧ್ಯಮಗಳು!’ ಅದರ ಹಿಂದೆಯೇ ‘ಟಿಆರ್‌ಪಿ ರಾಕ್ಷಸ’, ‘ಸುಳ್ಳಿನ ಕಾರ್ಖಾನೆ’, ‘ಮರಣ ಮೃದಂಗ’. ಟಿವಿ ಕಿರುಚುತ್ತದೆ ಅನ್ನುವುದು ನಿಮ್ಮ ದೂರು. ಆ ದೂರನ್ನೂ ಕಿರುಚಿಯೇ ಹೇಳಿದ್ದೀರಿ. ಓದುಗರಿಗೆ ಮೊದಲ ಪುಟದಲ್ಲೇ ಸುಸ್ತಾಗುತ್ತದೆ. ನಿಮ್ಮ ಮಾತು ಸರಿಯೋ ತಪ್ಪೋ ಅಂತ ತೂಗಿ ನೋಡಲು ಅವರ ಕೈಗೆ ಏನೂ ಸಿಗುವುದಿಲ್ಲ. ಈ ಪದಗಳನ್ನೆಲ್ಲ ತೆಗೆದುಹಾಕಿ. ಲೇಖನ ಅರ್ಧ ಪುಟ ಚಿಕ್ಕದಾಗುತ್ತದೆ, ಏನೂ ಕಳೆದುಹೋಗುವುದಿಲ್ಲ.

ಇನ್ನು ನನ್ನ ಮುಖ್ಯ ತಕರಾರು. ‘ಚಾನೆಲ್‌ಗಳು ಹಸಿ ಸುಳ್ಳು ಹೇಳಿ ಜನರನ್ನು ಹೆದರಿಸುತ್ತವೆ’ ಅಂತ ಬರೆದು, 2025ರ ಜನವರಿಯ ಎಚ್‌ಎಂಪಿವಿ (ಉಸಿರಾಟದ ಸೋಂಕು ತರುವ ಒಂದು ವೈರಸ್) ಸುದ್ದಿಯನ್ನು ಉದಾಹರಣೆ ಕೊಟ್ಟಿದ್ದೀರಿ. ಉದಾಹರಣೆ ಸರಿಯಾಗಿದೆ. ಆದರೆ ಆ ದಿನ ಹೇಳಿದ್ದೇನು, ಬಿಟ್ಟಿದ್ದೇನು ಅಂತ ಕೂತು ನೋಡಿದ್ದೀರಾ?

ಜನವರಿ 6, ಸೋಮವಾರ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎರಡು ಮಕ್ಕಳಿಗೆ ಈ ವೈರಸ್ ತಗುಲಿರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪತ್ತೆ ಮಾಡಿತ್ತು. ಒಂದು 3 ತಿಂಗಳ ಹೆಣ್ಣು ಮಗು, ಇನ್ನೊಂದು 8 ತಿಂಗಳ ಗಂಡು ಮಗು. ಎರಡೂ ಮಕ್ಕಳು ವಿದೇಶಕ್ಕೆ ಹೋಗಿ ಬಂದಿರಲಿಲ್ಲ. ಈ ವೈರಸ್‌ಗೆ ಲಸಿಕೆ ಇಲ್ಲ. ಇದಕ್ಕೇ ಅಂತ ಔಷಧಿಯೂ ಇಲ್ಲ. ಚೀನಾದ ಆಸ್ಪತ್ರೆಗಳಲ್ಲಿ ಜನ ತುಂಬಿದ್ದಾರೆ ಅನ್ನುವ ವಿಡಿಯೊಗಳು ಅಷ್ಟರಲ್ಲಿ ಎಲ್ಲರ ಮೊಬೈಲಿಗೂ ಬಂದಿದ್ದವು. ಅದೇ ದಿನ ಷೇರುಪೇಟೆಯ ಸೆನ್ಸೆಕ್ಸ್ 1,200 ಅಂಶಕ್ಕೂ ಜಾಸ್ತಿ ಕುಸಿಯಿತು. ಇಷ್ಟೂ ಸುದ್ದಿಯಾಯಿತು. ಇದರಲ್ಲಿ ಸುಳ್ಳು ಯಾವುದು?

ಈಗ ಅದೇ ದಿನ, ಅಷ್ಟೇ ಸುಲಭವಾಗಿ ಸಿಗುತ್ತಿದ್ದ ಬೇರೆ ಸಂಗತಿಗಳನ್ನು ನೋಡಿ. ಈ ವೈರಸ್ಸನ್ನು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2001ರಲ್ಲೇ ಗುರುತಿಸಿದ್ದರು. ಅದಕ್ಕೂ ದಶಕಗಳ ಮೊದಲಿನಿಂದ ಅದು ಮನುಷ್ಯರಲ್ಲಿ ಹರಡುತ್ತಲೇ ಇತ್ತು. ಹೆಚ್ಚಿನ ಮಕ್ಕಳಿಗೆ 5 ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಬಂದು ಹೋಗಿರುತ್ತದೆ. ನೆಗಡಿ, ಕೆಮ್ಮು, ಜ್ವರ. ಹಸುಗೂಸುಗಳಿಗೆ, ವಯಸ್ಸಾದವರಿಗೆ, ಮೊದಲೇ ಬೇರೆ ಕಾಯಿಲೆ ಇದ್ದವರಿಗೆ ಕೆಲವೊಮ್ಮೆ ನ್ಯುಮೋನಿಯಾ ಆಗಬಹುದು, ಅದನ್ನು ಹಗುರವಾಗಿ ನೋಡಬಾರದು. ಆದರೆ ಬೆಂಗಳೂರಿನ ಎರಡು ಪ್ರಕರಣ ಸಿಕ್ಕಿದ್ದು ಎಂದಿನಂತೆ ನಡೆಯುವ ಉಸಿರಾಟದ ವೈರಸ್‌ಗಳ ತಪಾಸಣೆಯಲ್ಲಿ. ಹೆಣ್ಣು ಮಗು ಆಗಲೇ ಮನೆಗೆ ಹೋಗಿತ್ತು. ಗಂಡು ಮಗು ಚೇತರಿಸಿಕೊಳ್ಳುತ್ತಿತ್ತು. ದೇಶದಲ್ಲಿ ಇಂಥ ಸೋಂಕು ಅಸಹಜವಾಗಿ ಏರಿಲ್ಲ ಅಂತಲೂ ಅದೇ ದಿನ ಸರ್ಕಾರ ಹೇಳಿತ್ತು.

‘ವಿದೇಶಕ್ಕೆ ಹೋಗಿ ಬಂದಿಲ್ಲ’ ಅನ್ನುವ ಒಂದೇ ಸಂಗತಿ ತೆಗೆದುಕೊಳ್ಳಿ. ವಿಷಯ ಗೊತ್ತಿದ್ದವರಿಗೆ ಅದು ಸಮಾಧಾನದ ಮಾತು. ವೈರಸ್ ಮೊದಲಿನಿಂದ ಇಲ್ಲೇ ಇದೆ, ಚೀನಾದಿಂದ ಈಗ ಬಂದಿಳಿದದ್ದಲ್ಲ ಅಂತ ಅರ್ಥ. ನೀವೇ ಬರೆದುಕೊಂಡಿರುವ ‘ಬೆಂಗಳೂರಿಗೂ ಕಾಲಿಟ್ಟ ಚೀನಾ ವೈರಸ್’ ಅನ್ನುವ ಕೆಂಪು ಪಟ್ಟಿಯ ಮೇಲೆ ಆಂಕರ್ ಅದೇ ಮಾತು ಹೇಳಿದರೆ ಅರ್ಥ ಉಲ್ಟಾ. ಎಲ್ಲೂ ಹೋಗದ ಹಸುಗೂಸಿಗೂ ಬಂತಂತೆ, ಹಾಗಾದರೆ ಊರೆಲ್ಲ ಹರಡಿರಬೇಕು! ಮನೆಯಲ್ಲಿ ಕೆಮ್ಮುವ ಮಗು ಇರುವ ತಾಯಿ ಇದನ್ನು ಕೇಳಿದರೆ ಎದೆ ಧಸಕ್ಕೆನ್ನದೆ ಇರುತ್ತದಾ? ‘ಲಸಿಕೆ ಇಲ್ಲ’ ಅನ್ನುವುದೂ ಹಾಗೇ. ಮಾಮೂಲಿ ನೆಗಡಿಗೂ ಲಸಿಕೆ ಇಲ್ಲ ಅಂತ ಪಕ್ಕದಲ್ಲಿ ಒಂದು ಮಾತು ಸೇರಿಸಿದ್ದರೆ ಸಾಕಿತ್ತು.

ನಿಮ್ಮ ಲೇಖನ ಇದರ ಮೇಲೆ ನಿಲ್ಲಬೇಕು. ಯಾವುದನ್ನು ಮೊದಲು ಹೇಳಿದರು, ಯಾವುದನ್ನು ಬಿಟ್ಟರು, ಎಷ್ಟು ಸಲ ಹೇಳಿದರು ಅನ್ನುವುದರಲ್ಲೇ ಭಯ ಹುಟ್ಟಿಬಿಡುತ್ತದೆ. ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ‘ಹಸಿ ಸುಳ್ಳು’ ಅಂತ ನೀವು ಬರೆದರೆ, ‘ಎಲ್ಲಿ, ಒಂದು ತೋರಿಸಿ’ ಅಂತ ಯಾವ ಚಾನೆಲ್‌ನವರು ಬೇಕಾದರೂ ಕೇಳಬಹುದು. ಆಗ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಒಂದು ಕೆಲಸ ಮಾಡಿ. ಆ ದಿನದ ಬುಲೆಟಿನ್‌ಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಯಾವುದಾದರೂ ಒಂದನ್ನು ಪೆನ್ನು ಹಿಡಿದು ಪೂರ್ತಿ ನೋಡಿ. ಎರಡು ಮಕ್ಕಳ ಸುದ್ದಿ ಓದುವಾಗ ತೆರೆಯ ಮೇಲೆ ಏನಿತ್ತು? ಆ ದೃಶ್ಯ ಯಾವ ಊರಿನದು, ಯಾವ ವರ್ಷದ್ದು? ಪಿಪಿಇ ಕಿಟ್ ಹಾಕಿಕೊಂಡವರು ಸ್ಟ್ರೆಚರ್ ತಳ್ಳುವ ಹಳೆಯ ದೃಶ್ಯ (ಫೈಲ್ ಶಾಟ್) ಬಂದರೆ ಅದು ಎಷ್ಟನೇ ನಿಮಿಷಕ್ಕೆ ಬಂತು, ಮತ್ತೆ ಎಷ್ಟು ಸಲ ಬಂತು? ಹಿಂದೆ ಯಾವ ಸಂಗೀತ? ಸ್ಟುಡಿಯೊದಲ್ಲಿ ಕೂತ ವೈದ್ಯರಿಗೆ ಕೇಳಿದ ಮೊದಲ ಪ್ರಶ್ನೆ ಯಾವುದು? ಅವರು ‘ಗಾಬರಿ ಬೇಡ’ ಅನ್ನುವಾಗ ಕೆಳಗಿನ ಸ್ಕ್ರಾಲ್ ಏನು ಹೇಳುತ್ತಿತ್ತು? ಒಂದು ಬುಲೆಟಿನ್ನನ್ನು ಹೀಗೆ ಹತ್ತಿರದಿಂದ ತೋರಿಸಿದರೆ, ನಿಮ್ಮ ನಾಲ್ಕು ಪುಟದ ಆರೋಪಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಮೂರನೇ ಪುಟದಲ್ಲಿ ‘ಮೂಢ ಜನ ಕುರಿಗಳಂತೆ ನಂಬುತ್ತಾರೆ’ ಅಂತ ಬರೆದಿದ್ದೀರಿ. ಇದನ್ನು ಓದಿ ನನಗೆ ನೋವಾಯಿತು. ಆ ಜನ 2021ರ ಏಪ್ರಿಲ್, ಮೇ ತಿಂಗಳು ದಾಟಿ ಬಂದವರು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡದ್ದನ್ನು ಕಂಡವರು. ಬೆಂಗಳೂರಿನ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲಾಗಿ ನಿಂತದ್ದನ್ನು ನೋಡಿದವರು. ತಮ್ಮ ಮನೆಯವರ ಮುಖವನ್ನು ಕೊನೆಗೊಮ್ಮೆ ನೋಡಲೂ ಆಗದವರು ಅವರಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ಅದೇ ಪಿಪಿಇ ಕಿಟ್ ಮತ್ತೆ ತೋರಿಸಿದರೆ ಹೆದರದೆ ಏನು ಮಾಡುತ್ತಾರೆ? ಅವರ ಭಯಕ್ಕೆ ಕಾರಣ ಇದೆ. ಆ ಕಾರಣವನ್ನು ಟಿವಿ ಬಳಸಿಕೊಂಡಿತು ಅನ್ನುವುದು ದೂರಬೇಕಾದ ಸಂಗತಿ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಚಾಮರಾಜನಗರದ ಸಾವುಗಳು, ಚಿತಾಗಾರದ ಸಾಲು ಮನೆಮನೆಗೆ ಗೊತ್ತಾದದ್ದೂ ಇದೇ ವರದಿಗಾರರಿಂದ. ಆಗ ಎಚ್ಚರಿಕೆಯ ಗಂಟೆ ಹೊಡೆದದ್ದು ಸರಿಯಾಗಿತ್ತು. ಯಾವ ಗಂಟೆ ಸರಿ, ಯಾವುದು ಸುಮ್ನೆ ಗದ್ದಲ ಅಂತ ಬಿಡಿಸಿ ಹೇಳುವ ಒಂದು ಪ್ಯಾರಾ ನಿಮ್ಮ ಲೇಖನದಲ್ಲಿ ಇರಲೇಬೇಕು. ಈಗ ಇಲ್ಲ.

ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. ಅವರು ಇಡೀ ದಿನ ಟಿವಿ ಆರಿಸಲಿಲ್ಲ. ಹತ್ತು ತಿಂಗಳ ಮೊಮ್ಮಗುವಿಗೆ ಮೂಗು ಸೋರುತ್ತಿತ್ತು, ಅಷ್ಟೇ. ರಾತ್ರಿ ಎರಡು ಸಲ ಎದ್ದು ಮಗುವಿನ ಎದೆಯ ಮೇಲೆ ಕೈಯಿಟ್ಟು ನೋಡಿದರು. ಬೆಳಿಗ್ಗೆ ಬಾಡಿಗೆ ಕಾರು ಮಾಡಿಸಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಕೆಮ್ಮುವ ಮಕ್ಕಳಿಂದ ತುಂಬಿದ್ದ ಹೊರರೋಗಿ ವಿಭಾಗದಲ್ಲಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಧ್ಯಾಹ್ನದವರೆಗೆ ಕೂತರು. ಡಾಕ್ಟರು ‘ನೆಗಡಿ ಅಮ್ಮ, ಹಾಲು ಕುಡಿಸುತ್ತಾ ಇರಿ’ ಅಂದಾಗ ನಂಬದೆ, ‘ಆ ಚೀನಾದ್ದು ಟೆಸ್ಟ್ ಮಾಡಿ ಸಾರ್’ ಅಂತ ಕೈ ಮುಗಿದರು. ಆ ಕೈ ಮುಗಿದದ್ದನ್ನು ಓದಿ ಮುಂದೆ ಹೋಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಲೇಖನ ಇಲ್ಲಿಂದ ಶುರುವಾಗಬೇಕು. ರಣಹದ್ದಿನಿಂದಲ್ಲ.

ಚಿಕ್ಕಮ್ಮನ ಹತ್ತಿರ ಇನ್ನೊಮ್ಮೆ ಕೂತು ಮಾತಾಡಿ. ಯಾವ ಮಾತು ಕೇಳಿದಾಗ ಹೆದರಿಕೆ ಶುರುವಾಯಿತು? ಟಿವಿ ನೋಡಿದ್ದು ಮೊದಲೋ, ವಾಟ್ಸ್‌ಆ್ಯಪ್ ಬಂದದ್ದು ಮೊದಲೋ? ಪಕ್ಕದ ಮನೆಯವರು ಏನಂದರು? ನೆಗಡಿ ಇದ್ದ ಮಗುವನ್ನು ಆ ಜನಜಂಗುಳಿಯಲ್ಲಿ ಕೂರಿಸಿದ್ದೇ ದೊಡ್ಡ ಅಪಾಯ ಅಂತ ನೀವು ಬರೆದಿಲ್ಲ. ಅದನ್ನು ಬರೆಯಿರಿ.

ಈಗ ನನಗೆ ಬಹಳ ಆಶ್ಚರ್ಯವಾದ ಸಂಗತಿ. ನೀವು ಸಾಗರದವರು. ರೋಗ, ಭಯ, ಟಿವಿ ಅಂತ ಹದಿಮೂರು ಪುಟ ಬರೆದಿದ್ದೀರಿ. ಮಂಗನ ಕಾಯಿಲೆಯ ಹೆಸರು ಒಂದು ಸಲವೂ ಬಂದಿಲ್ಲ. ಅದು 1957ರಲ್ಲಿ ಪತ್ತೆಯಾದದ್ದೇ ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಿಮ್ಮದೇ ತಾಲೂಕಿನ ಅರಳಗೋಡು ಸುತ್ತಮುತ್ತ ಎಷ್ಟೋ ಮನೆಗಳು ಸಾವು ಕಂಡವು. ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಶುರುವಾಗಿ ಮೇ ತಿಂಗಳವರೆಗೂ ಅದರ ಕಾಲ. ಅಂದರೆ ಚಿಕ್ಕಮ್ಮ ಚೀನಾದ ವೈರಸ್ಸಿಗೆ ಹೆದರಿ ಶಿವಮೊಗ್ಗಕ್ಕೆ ಓಡಿದ ಜನವರಿ ನಿಮ್ಮ ಕಡೆ ಉಣುಗಿನ, ಅಂದರೆ ಮಂಗನ ಕಾಯಿಲೆ ಹರಡುವ ಉಣ್ಣೆಹುಳುವಿನ ಕಾಲ. ಈ ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ನಿಲ್ಲಿಸಿದ್ದಾರೆ. ‘ಲಸಿಕೆ ಇಲ್ಲ’ ಅನ್ನುವ ಮಾತಿಗೆ ನಿಜವಾದ ಭಾರ ಇರುವುದು ಇಲ್ಲಿ.

ಕೊಟ್ಟಿಗೆಗೆ ಸೊಪ್ಪು, ದರಗು ತರಲು ಕಾಡಿಗೆ ಹೋಗುವ ಹೆಂಗಸರಿಗೆ ಆ ಹೊತ್ತಿನಲ್ಲಿ ಟಿವಿ ಹೇಳಬೇಕಿದ್ದದ್ದು ಬಹಳ ಸರಳ. ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ತೊಳೆಯಿರಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಇಲಾಖೆಗೆ ತಿಳಿಸಿ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೆಂಗಳೂರಿನ ಸ್ಟುಡಿಯೊಗಳಿಗೆ ಅರಳಗೋಡು ದೂರ. ಅಲ್ಲಿಯ ಸುದ್ದಿ ಬರುವುದು ಸಾವಾದ ಮೇಲೆ. ಬಂದಾಗಲೂ ಸತ್ತ ಮಂಗದ ದೃಶ್ಯ ಇರುತ್ತದೆ, ಎಣ್ಣೆ ಎಲ್ಲಿ ಸಿಗುತ್ತದೆ ಅನ್ನುವುದು ಇರುವುದಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಆ ಎಣ್ಣೆಯ ಬಾಟಲಿ ಇತ್ತೇ? ಕೇಳಿ ನೋಡಿ. ಬೆಂಗಳೂರಲ್ಲಿ ಕೂತ ಯಾವ ಲೇಖಕರಿಗೂ ಈ ಲೇಖನ ಬರೆಯಲು ಆಗುವುದಿಲ್ಲ. ನಿಮಗೆ ಆಗುತ್ತದೆ.

ಟಿಆರ್‌ಪಿ ಬಗ್ಗೆ ಎರಡು ಮಾತು. ಎಲ್ಲಕ್ಕೂ ಟಿಆರ್‌ಪಿಯೇ ಮೂಲ ಅಂತ ಬರೆದಿದ್ದೀರಿ. ಮುಂಬೈನ ರೇಟಿಂಗ್ ಹಗರಣದ ನಂತರ, 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್‌ಗಳ ರೇಟಿಂಗ್ ಪ್ರಕಟಿಸುವುದನ್ನೇ, ಯಾವ ಚಾನೆಲನ್ನು ಎಷ್ಟು ಜನ ನೋಡುತ್ತಾರೆ ಅಂತ ಅಳೆಯುವ ಬಾರ್ಕ್ ಸಂಸ್ಥೆ ನಿಲ್ಲಿಸಿತ್ತು. ಕೊರೊನಾದ ಎರಡನೇ ಅಲೆ ಪೂರ್ತಿ ಆ ಅವಧಿಯೊಳಗೇ ಬರುತ್ತದೆ. ಆಗ ಕಿರುಚಾಟ ನಿಂತಿತ್ತಾ? ಇಲ್ಲ. ಹಾಗಾದರೆ ರೇಟಿಂಗ್ ಒಂದೇ ಕಾರಣ ಆಗಲಾರದು. ಸುದ್ದಿಮನೆಯ ಗೋಡೆಯ ಮೇಲೆ ಬೇರೆ ಚಾನೆಲ್‌ಗಳೆಲ್ಲ ಒಟ್ಟಿಗೆ ಓಡುತ್ತಿರುತ್ತವೆ. ಒಬ್ಬರು ಬ್ರೇಕಿಂಗ್ ಹಾಕಿದರೆ ಉಳಿದವರು ಬಿಡಲು ಹೆದರುತ್ತಾರೆ. ಎರಡು ಮಕ್ಕಳು ಚೇತರಿಸಿಕೊಂಡರು ಅನ್ನುವ ಸುದ್ದಿ ಅರ್ಧ ನಿಮಿಷಕ್ಕೆ ಮುಗಿಯುತ್ತದೆ, ದಿನಕ್ಕೆ 24 ಗಂಟೆ ತುಂಬಿಸಬೇಕು. ಆಗ ‘ಮತ್ತೆ ಲಾಕ್‌ಡೌನ್ ಆಗುತ್ತಾ?’ ಅನ್ನುವ ಪ್ರಶ್ನೆ ಹುಟ್ಟುತ್ತದೆ. ಶಿವಮೊಗ್ಗದಲ್ಲೇ ಇರುವ ಒಬ್ಬ ಟಿವಿ ವರದಿಗಾರರನ್ನು ಮಾತಾಡಿಸಿ. ಡೆಸ್ಕ್‌ನಿಂದ ಫೋನ್ ಮಾಡಿ ಏನು ಕೇಳುತ್ತಾರೆ ಅಂತ ಅವರೇ ಹೇಳುತ್ತಾರೆ. ಹೆಸರು ಹಾಕುವುದಿಲ್ಲ ಅಂತ ಮಾತು ಕೊಡಿ, ಮಾತು ಉಳಿಸಿಕೊಳ್ಳಿ.

ಸೂರತ್, ನಿಫಾ, ಹಾಸನ ಎಲ್ಲವನ್ನೂ ಒಂದೇ ಲೇಖನಕ್ಕೆ ತುರುಕಿದ್ದೀರಿ. ನಿಫಾ ತೆಗೆಯಿರಿ. ಹಾಸನದ ಹೃದಯಾಘಾತದ ಸುದ್ದಿಗಳು ಬೇರೆಯದೇ ಲೇಖನ. ಅದು ಹರಡುವ ಕಾಯಿಲೆ ಅಲ್ಲ, ಆದರೂ 2025ರಲ್ಲಿ ಜನ ಜಯದೇವ ಆಸ್ಪತ್ರೆಗಳ ಮುಂದೆ ಕಿಕ್ಕಿರಿದು ನಿಂತರು. ಸರ್ಕಾರದ ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 4ಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಅದನ್ನು ಮುಂದೆ ಬರೆಯಿರಿ.

ಸೂರತ್ ಮಾತ್ರ ಇರಲಿ, ಆದರೆ ಅದು ನಿಮ್ಮ ವಾದಕ್ಕೆ ಎದುರಾಗಿ ನಿಲ್ಲುತ್ತದೆ ಅನ್ನುವುದು ಗೊತ್ತಿರಲಿ. 1994ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಪ್ಲೇಗ್ ಅಂತ ಸುದ್ದಿಯಾದಾಗ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. ಸತ್ತವರು ಐವತ್ತರ ಆಸುಪಾಸು. ಆಗ ದಿನವಿಡೀ ಕೂಗುವ ಸುದ್ದಿ ಚಾನೆಲ್‌ಗಳು ನಮ್ಮಲ್ಲಿ ಇರಲಿಲ್ಲ. ಗಾಳಿಸುದ್ದಿ ಇತ್ತು, ಸಾವಿನ ಸಂಖ್ಯೆಯನ್ನು ಉಬ್ಬಿಸಿದ ವರದಿಗಳಿದ್ದವು. ಸರಿಯಾದ ಮಾಹಿತಿ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಟಿವಿ ಇಲ್ಲದೆಯೂ ಭಯ ಹಬ್ಬುತ್ತದೆ. ಇದನ್ನು ನೀವೇ ಹೇಳಿ, ಓದುಗರು ನಿಮ್ಮನ್ನು ಕೇಳುವ ಮೊದಲು.

1,200 ಪದ ಮೀರಬೇಡಿ. ಚಿಕ್ಕಮ್ಮನ ಹೆಸರು ಹಾಕಬೇಡಿ, ಆಸ್ಪತ್ರೆಯ ಹೆಸರೂ ಬೇಡ. ಬರೆದದ್ದನ್ನು ಅವರಿಗೆ ಪೂರ್ತಿ ಓದಿ ಹೇಳಿ, ಒಪ್ಪಿದರೆ ಮಾತ್ರ ಕಳಿಸಿ. ನವೆಂಬರ್ ಕೊನೆಯೊಳಗೆ ಬಂದರೆ ಉಣುಗಿನ ಕಾಲಕ್ಕೆ ಮೊದಲೇ ಹಾಕಬಹುದು. ಎಣ್ಣೆ ಎಲ್ಲಿ ಸಿಗುತ್ತದೆ ಅನ್ನುವ ವಿವರವನ್ನು ನಿಮ್ಮ ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ ಬರೆದುಕೊಂಡು ಬನ್ನಿ. ಅದನ್ನು ಲೇಖನದ ಪಕ್ಕದಲ್ಲೇ ಚೌಕಟ್ಟಿನಲ್ಲಿ ಕೊಡೋಣ.

ನಿಮ್ಮ
ಸಂಪಾದಕ