ಸ್ಟ್ರಾಟ್ ಗಿಟಾರ್‌ಗೆ ವಾರ್ಮ್ ಸೌಂಡ್ ಕೊಡುವ ಕೋರಸ್ ಪೆಡಲ್ ಯಾವುದು? ಅನಲಾಗ್ ಅಂದರೆ ಸಾಕೇ?

ಸಿಂಗಲ್ ಕಾಯಿಲ್ ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿಯ) ಸ್ಟ್ರಾಟ್, ಅಂದರೆ ಸ್ಟ್ರಾಟೋಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್, ಕ್ಲೀನ್ ಆಂಪ್, ಕೋರಸ್ ಆನ್ ಮಾಡಿದ ತಕ್ಷಣ ಸೌಂಡ್ ತೆಳ್ಳಗಾಗಿ ಕಿವಿಗೆ ಚುಚ್ಚುತ್ತದೆ ಎಂದು ಬರೆದಿದ್ದೀರಿ. ಅನಲಾಗ್ ಪೆಡಲ್ (ಕಾಲಿನಿಂದ ಒತ್ತಿ ಸೌಂಡ್ ಬದಲಿಸುವ ಡಬ್ಬಿ) ತಗೊಂಡರೆ ಇದು ಸರಿಹೋಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಗಿಟಾರ್‌ಗೆ ನಾನು ಆರಿಸುವುದು ಎಂಎಕ್ಸ್‌ಆರ್ ಅನಲಾಗ್ ಕೋರಸ್. ಇನ್ನಷ್ಟು ದುಡ್ಡು ಹಾಕಬಲ್ಲಿರಾದರೆ ಬಾಸ್ (Boss) ಕಂಪನಿಯ ಸಿಇ-2ಡಬ್ಲ್ಯೂ. ಆದರೆ ಡಬ್ಬಿಯ ಮೇಲೆ ‘ಅನಲಾಗ್’ ಎಂದು ಬರೆದಿದೆ ಎನ್ನುವ ಒಂದೇ ಕಾರಣಕ್ಕೆ ಯಾವುದನ್ನೂ ಕೊಳ್ಳಬೇಡಿ. ಪೆಡಲ್ ಒಳಗೆ ತಡವಾಗಿ ಹೊರಬರುವ ಸಿಗ್ನಲ್‌ನಲ್ಲಿ ಎಷ್ಟು ಟ್ರೆಬಲ್ ಉಳಿದಿದೆ, ಅದನ್ನು ಮೂಲ ಸಿಗ್ನಲ್ ಜೊತೆ ಎಷ್ಟು ಬೆರೆಸಲಾಗಿದೆ, ವಾರ್ಮ್ ಅನ್ನಿಸುವುದು ಮುಖ್ಯವಾಗಿ ಈ ಎರಡರಿಂದ.

ಕೋರಸ್ ಪೆಡಲ್ ನಿಮ್ಮ ಸಿಗ್ನಲ್‌ನ ಒಂದು ನಕಲು ತೆಗೆದು, ಅದನ್ನು ಕೆಲವು ಮಿಲಿಸೆಕೆಂಡ್ ತಡ ಮಾಡಿ, ಆ ತಡವನ್ನು ನಿಧಾನವಾಗಿ ಹೆಚ್ಚು ಕಡಿಮೆ ಮಾಡುತ್ತಾ ಮೂಲದೊಂದಿಗೆ ಸೇರಿಸುತ್ತದೆ. ತಡ ಬದಲಾಗುವಾಗ ನಕಲಿನ ಶ್ರುತಿ ತುಸು ಮೇಲೆ ಕೆಳಗೆ ಅಲುಗಾಡುತ್ತದೆ. ಇಬ್ಬರು ಒಟ್ಟಿಗೆ ನುಡಿಸಿದ ಹಾಗೆ ಕೇಳುವುದು ಅದಕ್ಕೇ. ಅನಲಾಗ್ ಪೆಡಲ್‌ಗಳಲ್ಲಿ ಈ ತಡವನ್ನು ಮಾಡುವುದು ಬಕೆಟ್ ಬ್ರಿಗೇಡ್ ಚಿಪ್. 1969ರಲ್ಲಿ ಫಿಲಿಪ್ಸ್ ಸಂಶೋಧನಾಲಯದ ಸಾಂಗ್‌ಸ್ಟರ್ ಮತ್ತು ಟೇರ್ ಎಂಬ ಇಬ್ಬರು ರೂಪಿಸಿದ ಉಪಾಯ ಇದು: ಬೆಂಕಿ ಆರಿಸಲು ಸಾಲಾಗಿ ನಿಂತವರು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ವಿದ್ಯುತ್ ಚಾರ್ಜ್ ಒಂದು ಕೆಪಾಸಿಟರ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಬಾಸ್‌ನ ಹಳೆಯ ಕೋರಸ್ ಪೆಡಲ್ ಸಿಇ-2ರಲ್ಲಿರುವ ಎಂಎನ್3007 ಚಿಪ್‌ನಲ್ಲಿ ಇಂಥ 1024 ಹಂತಗಳಿವೆ. ಈ ದಾಟುವಿಕೆಯ ವೇಗವನ್ನು ನಿರ್ಧರಿಸುವ ಕ್ಲಾಕ್ 100 ಕಿಲೋಹರ್ಟ್ಸ್‌ನಲ್ಲಿದ್ದರೆ ಸುಮಾರು 5 ಮಿಲಿಸೆಕೆಂಡ್ ತಡವಾಗುತ್ತದೆ.

ಆ ಕ್ಲಾಕ್‌ನ ಗದ್ದಲ ಹೊರಗೆ ಕೇಳಬಾರದು, ಸಿಗ್ನಲ್ ವಿಕಾರವಾಗಬಾರದು ಎಂದು ಚಿಪ್‌ನ ಹಿಂದೆ ಮುಂದೆ ಫಿಲ್ಟರ್ ಇಡುತ್ತಾರೆ. ನಕಲಿನ ಟ್ರೆಬಲ್ ಅಲ್ಲೇ ಕಳೆದುಹೋಗುತ್ತದೆ. ಹೊಳಪು ಪೂರ್ತಿ ಮೂಲ ಸಿಗ್ನಲ್‌ನದು, ಅಲುಗಾಟ ಮಾತ್ರ ಮಂದ ನಕಲಿನದು. ನಾವು ಅನಲಾಗ್ ವಾರ್ಮ್ತ್ ಅನ್ನುವುದರ ಬಹುಪಾಲು ಇಷ್ಟೇ. ಡಿಜಿಟಲ್ ಪೆಡಲ್‌ನಲ್ಲೂ ನಕಲಿನ ಟ್ರೆಬಲ್ ಇಳಿಸಿದರೆ ಈ ಗುಣ ಬರುತ್ತದೆ. ಅನಲಾಗ್ ಪೆಡಲ್ ಆದರೂ ಅದರ ಫಿಲ್ಟರನ್ನು ಹೊಳಪು ಉಳಿಯುವಂತೆ ಇಟ್ಟಿದ್ದರೆ ಚುಚ್ಚುತ್ತದೆ.

‘ತೆಳ್ಳಗೆ’ ಅಂದಿರಲ್ಲ, ಅದಕ್ಕೆ ಕಾರಣವೇ ಬೇರೆ. ಒಂದೇ ಸಿಗ್ನಲ್ 5 ಮಿಲಿಸೆಕೆಂಡ್ ತಡವಾಗಿ ಮೂಲಕ್ಕೆ ಸೇರಿದಾಗ 100 ಹರ್ಟ್ಸ್ ಆಸುಪಾಸಿನಲ್ಲಿ ಎರಡೂ ಒಂದನ್ನೊಂದು ಕಳೆದುಬಿಡುತ್ತವೆ. ದಪ್ಪ ಇ ತಂತಿ ಸುಮಾರು 82 ಹರ್ಟ್ಸ್, ಎ ತಂತಿ 110. ಗಿಟಾರ್‌ನ ಮೈ ಇರುವ ಜಾಗದಲ್ಲೇ ಹಳ್ಳ ಬೀಳುತ್ತದೆ, ತಡ ಬದಲಾದಂತೆ ಆ ಹಳ್ಳವೂ ಅತ್ತಿತ್ತ ಸರಿಯುತ್ತದೆ. ನಕಲು ಮೂಲದಷ್ಟೇ ಜೋರಾಗಿದ್ದರೆ ಹಳ್ಳ ಆಳ. ನಕಲನ್ನು ಸ್ವಲ್ಪ ತಗ್ಗಿಸಿದರೆ ತಕ್ಷಣ ಮೈ ತುಂಬಿಕೊಳ್ಳುತ್ತದೆ. ಮಿಕ್ಸ್ ಅಥವಾ ಲೆವೆಲ್ ನಾಬ್ ಇರುವ ಪೆಡಲ್ ಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೆ.

ಎಂಎಕ್ಸ್‌ಆರ್‌ನಲ್ಲಿ ರೇಟ್ (ಅಲುಗಾಟದ ವೇಗ), ಡೆಪ್ತ್ (ಅಲುಗಾಟದ ಆಳ) ಜೊತೆಗೆ ಲೆವೆಲ್ ಇದೆ, ಲೋ ಮತ್ತು ಹೈ ಎಂಬ ಎರಡು ಸಣ್ಣ ನಾಬ್ ಬೇರೆ. ಸ್ಟ್ರಾಟ್‌ನಂಥ ಹೊಳಪಿನ ಗಿಟಾರ್‌ಗೆ ಹೈ ನಾಬ್ ಒಂದೇ ಇಡೀ ಕಥೆಯನ್ನು ಬದಲಿಸುತ್ತದೆ. ಹೈ ಅನ್ನು ಗಡಿಯಾರದ ಹತ್ತು ಗಂಟೆಗೆ, ಲೆವೆಲ್ ಹನ್ನೊಂದಕ್ಕೆ, ರೇಟ್ ಒಂಬತ್ತಕ್ಕೆ, ಡೆಪ್ತ್ ಹನ್ನೆರಡಕ್ಕೆ ಇಟ್ಟು ಶುರುಮಾಡಿ. ನೆಕ್ ಪಿಕಪ್‌ನಲ್ಲಿ (ಗಿಟಾರ್‌ನ ಕತ್ತಿನ ಬದಿಯ ಪಿಕಪ್) ಒಂದು ಮೇಜರ್ ಸೆವೆಂತ್ ಕಾರ್ಡ್ ಮೀಟಿ ಬಿಟ್ಟುಬಿಡಿ, ನಾದ ಆರುವವರೆಗೂ ಕೇಳಿ. ಅಲೆ ಬೇರೆಯಾಗಿ ಎದ್ದು ಕಾಣದೆ ಕಾರ್ಡ್ ತಾನಾಗಿಯೇ ಅಗಲವಾದಂತೆ ಕೇಳಿದರೆ ಸರಿಯಾದ ಜಾಗದಲ್ಲಿದ್ದೀರಿ.

ಬಾಸ್ ಸಿಇ-2ಡಬ್ಲ್ಯೂ 2016ರಲ್ಲಿ ಬಂದದ್ದು, ಬಕೆಟ್ ಬ್ರಿಗೇಡ್‌ನದೇ. ಎರಡು ಹಳೆಯ ಪೆಡಲ್‌ಗಳು ಅದರೊಳಗೆ ಒಟ್ಟಿಗೆ ಇವೆ. ಒಂದು, 1979ರ ನೀಲಿ ಸಿಇ-2. ಇನ್ನೊಂದು, ಅದಕ್ಕೂ ಹಿಂದಿನ ಸಿಇ-1. ಬಾಸ್‌ನ ಮಾತೃಸಂಸ್ಥೆ ರೋಲ್ಯಾಂಡ್ 1975ರಲ್ಲಿ ಜೆಸಿ-120 ಆಂಪ್‌ನಲ್ಲಿ ಕೋರಸ್ ಕೊಟ್ಟಿತು. ಒಂದು ಸ್ಪೀಕರ್‌ನಲ್ಲಿ ಮೂಲ, ಇನ್ನೊಂದರಲ್ಲಿ ಅಲುಗಾಡುವ ನಕಲು, ಎರಡೂ ಸೇರುವುದು ಕೋಣೆಯ ಗಾಳಿಯಲ್ಲಿ. ಅದೇ ಸರ್ಕ್ಯೂಟನ್ನು ಪೆಟ್ಟಿಗೆಗೆ ಹಾಕಿ 1976ರಲ್ಲಿ ತಂದದ್ದು ಸಿಇ-1. ಅದರ ಪ್ರೀಆಂಪ್‌ಗೇ (ಸಿಗ್ನಲನ್ನು ಮೊದಲು ಹಿಗ್ಗಿಸುವ ಭಾಗ) ಒಂದು ದಪ್ಪ ಗುಣವಿದೆ. ರೆಡ್ ಹಾಟ್ ಚಿಲಿ ಪೆಪರ್ಸ್‌ನ ಜಾನ್ ಫ್ರುಶಾಂಟೆ ಅದನ್ನು ಬಿಡದೆ ಬಳಸುವುದರಲ್ಲಿ ಆಶ್ಚರ್ಯವಿಲ್ಲ. ಸಿಇ-2ಡಬ್ಲ್ಯೂನಲ್ಲಿ ಟೋನ್ ನಾಬ್ ಇಲ್ಲ, ಮಿಕ್ಸ್ ಇಲ್ಲ. ಆದರೆ ಅದರ ಹದ ತಯಾರಕರೇ ಕೂಡಿಸಿಟ್ಟ ಹದ, ನನ್ನ ಕಿವಿಗೆ ಬಹಳ ಸುಂದರವಾದದ್ದು. ಎರಡು ಆಂಪ್‌ಗೆ ಸ್ಟೀರಿಯೋ ಹಾಕಿ ಕೇಳುವ ಅವಕಾಶ ಸಿಕ್ಕರೆ ಬಿಡಬೇಡಿ.

ಎಲೆಕ್ಟ್ರೋ-ಹಾರ್ಮೋನಿಕ್ಸ್ ಸ್ಮಾಲ್ ಕ್ಲೋನ್ ಕೂಡ ದುಂಡಗಿದೆ, ಕರ್ಟ್ ಕೋಬೇನ್ ಬಳಸಿದ್ದು ಇದನ್ನೇ. ಒಂದು ರೇಟ್ ನಾಬ್, ಡೆಪ್ತ್‌ಗೆ ಒಂದು ಸ್ವಿಚ್, ಅಷ್ಟೇ. ಅದರ ಅಲೆ ಗಾಢ. ಅದು ಬೇಕಾದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಹಾಡಿನ ಹಿಂದೆ ಮೆತ್ತಗೆ ಕೂರಬೇಕು ಅನ್ನುವವರಿಗೆ ಹೆಚ್ಚಾದೀತು. ಬಾಸ್ ಸಿಎಚ್-1 ಎಲ್ಲೆಡೆ ಸಿಗುತ್ತದೆ, ಗಟ್ಟಿಮುಟ್ಟಾಗಿದೆ, ಈಗಿನದು ಡಿಜಿಟಲ್, ಸ್ವಭಾವತಃ ಹೊಳಪು. ನಿಮ್ಮ ಬಳಿ ಅದೇ ಇದ್ದರೆ ಇಕ್ಯೂ ನಾಬ್ ಎಡಕ್ಕೆ ತಿರುಗಿಸಿ, ಇ.ಲೆವೆಲ್ (ನಕಲಿನ ಪ್ರಮಾಣ) ಇಳಿಸಿ ಒಂದು ವಾರ ನುಡಿಸಿ ನೋಡಿ. ಹೊಸ ಪೆಡಲ್ ಬೇಡವೆನಿಸಲೂಬಹುದು.

ಅಂಗಡಿಗೆ ಹೋಗುವಾಗ ನಿಮ್ಮ ಗಿಟಾರನ್ನೇ ಒಯ್ಯಿರಿ. ಅಲ್ಲಿಯ ಹಂಬಕರ್ (ಜೋಡಿ ಸುರುಳಿಯ ಪಿಕಪ್) ಗಿಟಾರ್‌ನಲ್ಲಿ ವಾರ್ಮ್ ಕೇಳಿದ್ದು ಮನೆಯ ಸ್ಟ್ರಾಟ್‌ನಲ್ಲಿ ಹಾಗೆ ಕೇಳಬೇಕೆಂದಿಲ್ಲ. ದಪ್ಪ ಇ ತಂತಿಯನ್ನು ಬಿಡಿಯಾಗಿ ಮೀಟಿ ಪೆಡಲ್ ಆನ್ ಆಫ್ ಮಾಡಿ: ಆನ್ ಆದಾಗ ತಂತಿಯ ತೂಕ ಇಳಿಯಬಾರದು. ಆಮೇಲೆ ಬಿ ತಂತಿಯ ಹನ್ನೆರಡನೇ ಫ್ರೆಟ್‌ನಲ್ಲಿ ಒಂದು ಸ್ವರ ಹಿಡಿದು ಡೆಪ್ತ್ ಏರಿಸುತ್ತಾ ಹೋಗಿ. ಶ್ರುತಿ ತಪ್ಪಿದಂತೆ ಕೇಳಲು ಶುರುವಾಗುವ ಜಾಗ ಯಾವುದೆಂದು ಗೊತ್ತಾಗುತ್ತದೆ. ಅದು ನಾಬ್‌ನ ಕೊನೆಯಲ್ಲಿ ಬಂದರೆ ಒಳ್ಳೆಯ ಪೆಡಲ್. ಅರ್ಧಕ್ಕೂ ಮೊದಲೇ ಬಂದರೆ ನಿಮಗೆ ಬಳಸಲು ಸಿಗುವ ಜಾಗ ಕಡಿಮೆ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಎರಡು ವಿಷಯ. ಸಿಇ-1 ನೇರ ಗೋಡೆಯ ಕರೆಂಟಿನಲ್ಲಿ ಓಡುತ್ತದೆ. ಜಪಾನಿನ ಮಾರುಕಟ್ಟೆಯದಾದರೆ ಅದು 100 ವೋಲ್ಟ್‌ನದು, ನಮ್ಮ 230 ವೋಲ್ಟ್‌ಗೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಹಳೆಯ ಸಿಇ-2 ಎಸಿಎ ಎಂಬ ಹಳೆ ಅಡಾಪ್ಟರ್‌ಗೆ ಮಾಡಿದ್ದು. ಈಗಿನ ರೆಗ್ಯುಲೇಟೆಡ್ 9 ವೋಲ್ಟ್ ಅಡಾಪ್ಟರ್ ಹಾಕಿದರೆ ದೀಪ ಮಂಕಾಗಿ ಉರಿದು ಸೌಂಡ್ ಸೊರಗುತ್ತದೆ. ಪೆಡಲ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಹೊಸ 9 ವೋಲ್ಟ್ ಬ್ಯಾಟರಿ ಹಾಕಿ ಪರೀಕ್ಷಿಸಿ.

ಓವರ್‌ಡ್ರೈವ್ (ಸೌಂಡನ್ನು ಒರಟಾಗಿಸುವ ಪೆಡಲ್) ಬಳಸುತ್ತೀರಾದರೆ ಕೋರಸ್ ಅದರ ನಂತರ ಬರಲಿ, ಡಿಲೇ ಮತ್ತು ರಿವರ್ಬ್‌ಗಿಂತ ಮುಂಚೆ. ಡ್ರೈವ್ ಸೌಂಡ್ ಆಂಪ್‌ನಿಂದಲೇ ಬರುವುದಾದರೆ ಎಫೆಕ್ಟ್ಸ್ ಲೂಪ್‌ನಲ್ಲಿ (ಪ್ರೀಆಂಪ್ ಆದ ಮೇಲೆ ಪೆಡಲ್ ಸೇರಿಸಲು ಆಂಪ್‌ನಲ್ಲಿರುವ ಜಾಕ್‌ಗಳು) ಹಾಕಿ ನೋಡಿ. ಲೂಪ್‌ನ ಸಿಗ್ನಲ್ ಜೋರಾಗಿರುತ್ತದೆ, ಕೆಲವು ಪೆಡಲ್ ಅದನ್ನು ತಾಳದೆ ಕರಕರ ಎನ್ನುತ್ತವೆ. ನಿಮ್ಮ ಆಂಪ್ ಯಾವುದು ಎಂದು ಕಾಮೆಂಟಿನಲ್ಲಿ ತಿಳಿಸಿದರೆ ಅದಕ್ಕೆ ಹೊಂದುವ ಸೆಟ್ಟಿಂಗ್ ಬರೆಯುತ್ತೇನೆ.