ಬೆಂಗಳೂರಿನ ಕಂಪನಿ ಜರ್ಮನಿಯಲ್ಲಿರುವವರನ್ನು ಕೆಲಸಕ್ಕೆ ತೆಗೆದುಕೊಂಡರೆ ಯಾವ ದೇಶದ ಕಾನೂನು ನಡೆಯುತ್ತದೆ?

ಜರ್ಮನಿಯದೇ. ಸಂಬಳ ಎಲ್ಲಿಂದ ಹೋಗುತ್ತದೆ ಅನ್ನೋದಲ್ಲ, ಕೆಲಸ ಮಾಡುವವರು ಎಲ್ಲಿ ಕೂತಿದ್ದಾರೆ ಅನ್ನೋದು ಮುಖ್ಯ. ಆಫರ್ ಲೆಟರಿನಲ್ಲಿ ‘ಭಾರತದ ಕಾನೂನು ಅನ್ವಯ’ ಅಂತ ಬರೆದರೂ ಅಲ್ಲಿನ ಕನಿಷ್ಠ ರಕ್ಷಣೆ ತಪ್ಪುವುದಿಲ್ಲ. ವಾರಕ್ಕೆ 5 ದಿನದ ಕೆಲಸವಾದರೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಕೊಡಲೇಬೇಕು.

ಕೆಲಸದಿಂದ ತೆಗೆಯುವಾಗ ತುಂಬಾ ಹುಷಾರಾಗಿರಿ. ಈಮೇಲ್, ವಾಟ್ಸಾಪ್, ಸ್ಕ್ಯಾನ್ ಮಾಡಿದ ಪಿಡಿಎಫ್ ಯಾವುದೂ ನಡೆಯುವುದಿಲ್ಲ. ಪೆನ್ನಿನಲ್ಲಿ ಸಹಿ ಹಾಕಿದ ಅಸಲಿ ಕಾಗದವೇ ಅವರ ಕೈ ಸೇರಬೇಕು. ಇಲ್ಲದಿದ್ದರೆ ಅವರು ಇನ್ನೂ ನಿಮ್ಮ ನೌಕರರೇ, ಸಂಬಳವೂ ಏರುತ್ತಲೇ ಇರುತ್ತದೆ.

‘ಫ್ರೀಲಾನ್ಸರ್ ಅಂತ ತೋರಿಸಿದರೆ ಆಯ್ತಲ್ವಾ?’ ಅಂತ ಜಾಸ್ತಿ ಜನ ಕೇಳುತ್ತಾರೆ. ದಯವಿಟ್ಟು ಬೇಡ. ನೀವು ಹೇಳಿದ ಹೊತ್ತಿಗೆ, ನಿಮ್ಮ ಮ್ಯಾನೇಜರ್ ಕೆಳಗೆ, ನಿಮಗೊಬ್ಬರಿಗೇ ದುಡಿಯುತ್ತಿದ್ದರೆ ಅವರನ್ನು ನೌಕರರೆಂದೇ ಎಣಿಸುತ್ತಾರೆ. ಆಗ ಪಿಂಚಣಿ, ಆರೋಗ್ಯ ವಿಮೆಯ ಹಳೆ ಬಾಕಿ ಸಾಮಾನ್ಯವಾಗಿ 4 ವರ್ಷದವರೆಗೂ ಕಟ್ಟಬೇಕಾಗುತ್ತದೆ. ಬೇಕಂತಲೇ ಮಾಡಿದ್ದೆಂದು ಸಾಬೀತಾದರೆ 30 ವರ್ಷದವರೆಗೂ ಹಿಂದೆ ಹೋಗಬಹುದು.

ಅಲ್ಲಿ ಕಂಪನಿ ತೆರೆಯದೆಯೂ ಉದ್ಯೋಗದಾತರಾಗಿ ನೋಂದಾಯಿಸಿಕೊಳ್ಳಬಹುದು. ಮೊದಲ ಸಂಬಳಕ್ಕೆ ಮುಂಚೆಯೇ ಅಲ್ಲಿನ ಪೇರೋಲ್ ನೋಡಿಕೊಳ್ಳುವವರೊಬ್ಬರನ್ನು ಹಿಡಿಯಿರಿ.